ಎರಡು ಕಿವಿಯ ನಿಯಮ

ನನ್ನ ಗಂಡನ ಶವಸಂಸ್ಕಾರ ಮುಗಿದು, ನೆಂಟರೆಲ್ಲ ಹೊರಟು, ಮನೆ ಮಾಮೂಲಿಗೆ ಮರಳಿದ ಮೊದಲ ಬೆಳಗು ಗುರುವಾರದ್ದು. ಅತ್ತೆ ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದರು. ಮರಣ ನೋಂದಣಿಗೆ ಬೇಕಾದ ಆಸ್ಪತ್ರೆಯ ಚೀಟಿಗಾಗಿ ನಾನು ಅವನ ಮೇಜಿನ ಕೆಳಗೆ ಕೈಯಾಡಿಸುತ್ತಿದ್ದೆ. ಚೀಟಿ ಸಿಗಲಿಲ್ಲ, ಮೊಳದುದ್ದದ ಒಂದು ಮರದ ಖಾನೆ ಸಿಕ್ಕಿತು. ಅದರ ಮುಖಕ್ಕೆ ಹೊಡೆದ ಹಿತ್ತಾಳೆ ತಗಡಿನ ಮೇಲೆ ‘ಹದಿನೇಳು – ಹೂಂಗುಟ್ಟುವಿಕೆ’ ಎಂದಿತ್ತು. ಅದು ವಿಶ್ವವಿದ್ಯಾಲಯದ ನಿಘಂಟು ಕೋಣೆಯ ಬೀರುವಿನ ಖಾನೆ. ಆ ಬೀರುವಿನ ನಲವತ್ತು ಖಾನೆಗಳಲ್ಲಿ ಒಂದೂ ಕೋಣೆಯ ಹೊಸ್ತಿಲು ದಾಟಬಾರದೆಂಬುದು ಅಲ್ಲಿ ಓದಿದ, ದುಡಿದ ಎಲ್ಲರಿಗೂ ಗೊತ್ತಿದ್ದ ಕಟ್ಟುನಿಟ್ಟು. ಆ ಕಟ್ಟುನಿಟ್ಟು ಮಾಡಿದ ಮೇಡಂ ಅವರೇ ಅಷ್ಟರಲ್ಲಿ ನಮ್ಮ ಬಾಗಿಲು ತಟ್ಟಿದರು. ಕೈಗೆ ಸಿಕ್ಕ ಟವೆಲನ್ನು ಖಾನೆಯ ಮೇಲೆ ಹೊದಿಸಿ ನಾನು ಹೋಗಿ ಬಾಗಿಲು ತೆಗೆದೆ.

ಮೂವತ್ತೊಂದು ವರ್ಷಗಳ ಸೇವೆಯ ನಂತರ ನಿವೃತ್ತರಾಗಿರುವ, ಇಂಗ್ಲಿಷಿನ ಉದ್ಗಾರಗಳ ಅರ್ಥವನ್ನೂ ಮೂಲವನ್ನೂ ಕನ್ನಡದ ಸದ್ದುಗಳೊಡನೆ ಜೋಡಿಸಿ ಕೋಶ ಕಟ್ಟಿದ, ಹಾಗೆ ಕಟ್ಟಿದ್ದನ್ನು ಎಂದೂ ತಮ್ಮ ಸಾಧನೆಯೆಂದು ಹೇಳಿಕೊಳ್ಳದ ನಮ್ಮ ಮೇಡಂ ಅವರ ಬಗ್ಗೆ ಬರೆಯಲು ಈ ಅಭಿನಂದನ ಸಂಪುಟದಲ್ಲಿ ನನಗಿಂತ ಅರ್ಹರಾದವರು ಹಲವರಿದ್ದಾರೆ. ನಾನು ಅವರ ಶಿಷ್ಯೆ. ಅವರ ಸಹಾಯಕನ ಹೆಂಡತಿಯಾಗಿದ್ದೆ. ನನಗೆ ಗೊತ್ತಿರುವುದು ಅವರ ಸೇವೆಯ ಕೊನೆಯ ನಾಲ್ಕು ವಾರ. ಅದನ್ನು ಹೇಳುವುದಕ್ಕೆ ಮೊದಲಿನದನ್ನೂ ಸ್ವಲ್ಪ ಹೇಳಬೇಕು.

ಅವರು ಕಿರಿಯ ಸಹಾಯಕಿಯಾಗಿ ಕೆಲಸಕ್ಕೆ ಸೇರಿದಾಗ ಇಂಗ್ಲಿಷ್-ಕನ್ನಡ ದೊಡ್ಡ ನಿಘಂಟಿನ ಕೆಲಸ ಭರದಿಂದ ಸಾಗಿತ್ತಂತೆ. ನಾಮಪದ ಕ್ರಿಯಾಪದಗಳೆಲ್ಲ ಹಿರಿಯರ ಪಾಲಾಗಿ, ಯಾರಿಗೂ ಬೇಡವಾಗಿದ್ದ ಉದ್ಗಾರಗಳು ಇವರ ಪಾಲಿಗೆ ಬಂದವು. “ಅವು ಪದಗಳೇ ಅಲ್ಲಮ್ಮ, ಕೆಮ್ಮು ಸೀನಿನ ಜಾತಿ. ಒಂದು ವಾರದಲ್ಲಿ ಮುಗಿಸಿಬಿಡು” ಎಂದರಂತೆ ಆಗಿನ ಸಂಪಾದಕರು. ವಾರ ಮೂವತ್ತೊಂದು ವರ್ಷವಾಯಿತು. ಪುಸ್ತಕದಲ್ಲಿ ಓದಿ ಅರ್ಥ ಬರೆದರೆ ಈ ಸದ್ದುಗಳು ಸಾಯುತ್ತವೆ ಎಂಬುದನ್ನು ಕಂಡುಕೊಂಡ ಅವರು, ಒಂದೊಂದು ಸದ್ದಿಗೂ ಒಂದೊಂದು ಕಾರ್ಡು ಮಾಡಿದರು. ಮೇಲಿನ ಅರ್ಧದಲ್ಲಿ ಇಂಗ್ಲಿಷಿನ ಸದ್ದು, ಅದರ ಅರ್ಥ, ಅದು ಬಂದ ದಾರಿ. ಕೆಳಗಿನ ಅರ್ಧದಲ್ಲಿ ಅದಕ್ಕೆ ಜೋಡಿಯಾಗುವ ಕನ್ನಡದ ಸದ್ದು, ಅದನ್ನು ಯಾವ ದಿನ, ಎಲ್ಲಿ, ಎಂಥ ಹೊತ್ತಿನಲ್ಲಿ ಕೇಳಿದ್ದು ಎಂಬ ವಿವರ. ಅಕಾರಾದಿಯನ್ನು ಬಿಟ್ಟು ಸಂದರ್ಭಗಳ ಪ್ರಕಾರ ಖಾನೆ ಮಾಡಿದರು: ಬೆಚ್ಚುವುದು, ಹೇಸುವುದು, ಸುಮ್ಮನಿರಿಸುವುದು, ಕರೆಯುವುದು, ಹೂಂಗುಟ್ಟುವುದು.

ನಾವು ಎಂ.ಎ. ತರಗತಿಯಲ್ಲಿ ಅವರ ಕೈಗೆ ಸಿಕ್ಕಿದ್ದು ಹೀಗೆ. ಒಂದು ಇಂಗ್ಲಿಷ್ ಕಥೆಯನ್ನು ಗಟ್ಟಿಯಾಗಿ ಓದುತ್ತ ನಾನು, ಕಾಗುಣಿತ ಇದ್ದ ಹಾಗೇ ‘ಟಟ್ ಟಟ್’ ಎಂದೆ.

“ಅದೇನೇ ಅದು, ಸ್ಕೂಟರ್ ಸ್ಟಾರ್ಟ್ ಮಾಡ್ತಿದ್ದೀಯಾ?”

ತರಗತಿ ಗೊಳ್ಳೆಂದಿತು.

“ಹಾಲು ಉಕ್ಕಿ ಒಲೆ ಮೇಲೆ ಚೆಲ್ಲಿದ್ರೆ ನಿಮ್ಮಮ್ಮ ಏನ್ ಮಾಡ್ತಾರೆ? ಮಾಡಿ ತೋರಿಸು.”

ನಾನು ನಾಲಗೆಯನ್ನು ಹಲ್ಲಿಗೊತ್ತಿ ಲೊಚಗುಟ್ಟಿದೆ.

“ಹಾಂ, ಅದೇ. ಇಂಗ್ಲಿಷಿನೋರೂ ಅದನ್ನೇ ಮಾಡ್ತಾರೆ. ಬರೆಯೋಕೆ ಅಕ್ಷರ ಸಾಲದೆ ಏನೋ ಒಂದು ಬರೆದ್ರು. ಆಮೇಲೆ ಬಂದೋರು ಬಾಯಿ ಬಿಟ್ಟು ಅಕ್ಷರ ನಂಬಿದ್ರು, ನಿನ್ನ ಹಾಗೆ.”

ಆ ವರ್ಷ ನಾವು ಕಲಿತದ್ದು ಬಹಳ. ಸುಟ್ಟುಕೊಂಡಾಗ ಬರುವ ‘ಔಚ್’ ಜರ್ಮನ್ ಮಾತಾಡುತ್ತಿದ್ದವರಿಂದ ಇಂಗ್ಲಿಷಿಗೆ ಬಂದಿರಬೇಕೆಂದೂ, ದೇವರ ಹೆಸರನ್ನು ವ್ಯರ್ಥವಾಗಿ ಎತ್ತಬಾರದೆಂಬ ಅಂಜಿಕೆಯಿಂದ ‘ಗಾಶ್’ ಹುಟ್ಟಿತೆಂದೂ, ದೂರದವರನ್ನು ಕೂಗುವ, ಬೇಟೆನಾಯಿಗಳನ್ನು ಹುರಿದುಂಬಿಸುವ ಕೂಗುಗಳ ಬಳಗದ ‘ಹಲೋ’ ಟೆಲಿಫೋನು ಬಂದ ಮೇಲೆ ಮನೆಮಾತಾಯಿತೆಂದೂ ಹೇಳಿದರು. ‘ಅಲಾಸ್’ ಎಂಬುದರ ಬಾಲದಲ್ಲಿರುವ ಹಳೆಯ ಫ್ರೆಂಚ್ ಮಾತಿಗೆ ಮೊದಲಿದ್ದ ಅರ್ಥ ‘ದಣಿದ’ ಎಂದು ಹೇಳಿ, ನಾವು ಬರೆದುಕೊಳ್ಳುವುದನ್ನೇ ನೋಡುತ್ತ ನಿಂತಿದ್ದರು. ಬಸ್ಸು ನಿಲ್ದಾಣದ ಕಡೆಗೆ ತೆರೆದ ಕೋಣೆಯ ಕಿಟಕಿಯ ಬಳಿ ಅವರ ಕುರ್ಚಿ. ಬಸ್ಸು ತಪ್ಪಿದವರು, ಕಾಲು ತುಳಿಸಿಕೊಂಡವರು, ಹಳೆಯ ಗೆಳೆಯರನ್ನು ಕಂಡವರು ಮಾಡುವ ಸದ್ದೆಲ್ಲ ಕಾರ್ಡಾಗುತ್ತಿತ್ತು. ಹಿಂದಿನಿಂದ ನಾವು ಅವರನ್ನು ಕಿವಿ ಮೇಡಂ ಎನ್ನುತ್ತಿದ್ದೆವು. ಅದೂ ಅವರ ಕಿವಿಗೆ ಬಿದ್ದಿತ್ತು.

ಅವರ ಎರಡು ಕಿವಿಯ ನಿಯಮದ ಬಗ್ಗೆ ಕೇಳದವರಿಲ್ಲ. ಒಬ್ಬರು ಕೇಳಿ ಬರೆದ ಸದ್ದನ್ನು ಇನ್ನೊಬ್ಬರು, ಇನ್ನೊಂದು ದಿನ, ತಾವೇ ಕೇಳಿ ಪಕ್ಕದಲ್ಲಿ ಸಹಿ ಹಾಕಬೇಕು. ಸದ್ದು ಮಾಡಿದ ಬಾಯಿಯೇ ಬಂದು ‘ಹೌದು, ನಾನು ಹಾಗೆ ಅಂದೆ’ ಎಂದರೆ ಸಲ್ಲದು. ಎರಡನೆಯ ಸಹಿಯಿಲ್ಲದ ಕಾರ್ಡು ರದ್ದಿಗೆ. ಅವರೇ ಒಂದು ಬೇಸಿಗೆಯೆಲ್ಲ ಕೂತು ಬರೆದ ನಲವತ್ತು ಕಾರ್ಡುಗಳ ಎರಡನೆಯ ಕಿವಿಯಾಗಬೇಕಿದ್ದವರು ವರ್ಗವಾಗಿ ಹೋದಾಗ, ಆ ನಲವತ್ತನ್ನೂ ಹರಿದು ಬುಟ್ಟಿಗೆ ಹಾಕಿದ್ದನ್ನು ಕಣ್ಣಾರೆ ಕಂಡವರಿದ್ದಾರೆ.

ನನ್ನ ಗಂಡನನ್ನು ಕೆಲಸಕ್ಕೆ ತೆಗೆದುಕೊಂಡವರೂ ಅವರೇ. ಅವನಿಗೆ ಮಾತು ತಡೆಯುತ್ತಿತ್ತು. ಸಂದರ್ಶನದಲ್ಲಿ ತನ್ನ ಹೆಸರು ಹೇಳುವುದಕ್ಕೇ ಅರ್ಧ ನಿಮಿಷ ಹಿಡಿಯಿತಂತೆ. ಸಮಿತಿಯವರು ಕಾಗದ ಮಡಿಚಿಟ್ಟರಂತೆ. ಮೇಡಂ ಮಾತ್ರ, “ಬಾಯಿ ಇರೋರು ಬೇಕಾದಷ್ಟು ಜನ ಇದ್ದಾರೆ. ನನ್ನ ಕೋಣೆಗೆ ಬೇಕಿರೋದು ಕಿವಿ” ಎಂದು ಪಟ್ಟು ಹಿಡಿದರು. ಆರು ವರ್ಷ ಅವನು ಆ ಕೋಣೆಯಲ್ಲಿ ಸುಖವಾಗಿದ್ದ. ನಮ್ಮ ಮದುವೆಯಾಗಿ ಎರಡು ವರ್ಷವಾಗಿತ್ತು. ಮೂರು ದಿನದ ಜ್ವರದಲ್ಲಿ ಹೋದ.

ಆ ಗುರುವಾರಕ್ಕೆ ಬರುತ್ತೇನೆ.

ಮೇಡಂ ಒಳಗೆ ಬಂದು ಕೂತರು. ಸಮಾಧಾನದ ಮಾತೊಂದನ್ನೂ ಆಡಲಿಲ್ಲ. ಟವೆಲಿನ ತುದಿಯಿಂದ ಹಿತ್ತಾಳೆ ತಗಡಿನ ಮೂಲೆ ಕಾಣುತ್ತಿತ್ತು. ಅವರ ಕಣ್ಣು ಒಮ್ಮೆ ಅಲ್ಲಿಗೆ ಹೋಗಿ ಬಂತು. ನಾನು ನೋಡಿದೆ, ನಾನು ನೋಡಿದ್ದನ್ನು ಅವರೂ ನೋಡಿದರು. ಈಗ ಕೇಳುತ್ತಾರೆ ಎಂದುಕೊಂಡೆ. ಅವರು ತಮ್ಮ ಮನೆಯ ಬಚ್ಚಲ ಕೊಳವೆ ಕಟ್ಟಿಕೊಂಡ ಕಥೆ ಶುರುಮಾಡಿದರು. ಕೊಳಾಯಿ ರಿಪೇರಿಯವನು ಮೂರು ಸಲ ಬಂದದ್ದು, ಮೂರು ಸಲವೂ ಬೇರೆ ಬೇರೆ ಕಾರಣ ಹೇಳಿದ್ದು. ಒಂದು ಮಾತಿಗೆ ಎರಡು ಮಾತು ಸೇರಿಸದ ಹೆಂಗಸು ಮುಕ್ಕಾಲು ಗಂಟೆ ಬಚ್ಚಲಿನ ವಿಷಯ ಹೇಳಿದರು. ನಾನು ಹೂಂ, ಹೂಂ ಎಂದೆ. ಎದ್ದು ಹೋದರು.

ಆಮೇಲೆ ನಾನು ಖಾನೆ ತೆರೆದು ಕೂತೆ. ಇನ್ನೂರ ಹನ್ನೆರಡು ಕಾರ್ಡು. ಮಾತಾಡುವವರಿಗೆ ಕೇಳುವವರು ಕೊಡುವ ಸದ್ದುಗಳು. ಇಂಗ್ಲಿಷಿನಲ್ಲಿ ನಡುವೆ ಉಸಿರು ಹಾಯಿಸಿದರೆ ಹೌದೆಂದೂ, ಅದೇ ಜಾಗದಲ್ಲಿ ಗಂಟಲು ಹಿಡಿದರೆ ಅಲ್ಲವೆಂದೂ ಆಗುವ ‘ಅ-ಹ’, ‘ಅ-ಅ’ ಸದ್ದುಗಳ ಜೋಡಿ ಮೊದಲಿಗೇ ಇತ್ತು. ಹಿಂದುಗಡೆಯ ಐವತ್ತೆಂಟು ಕಾರ್ಡು ನನ್ನ ಗಂಡನ ಅಕ್ಷರ. ಎಲ್ಲದರಲ್ಲೂ ಸ್ಥಳ: ಮನೆ.

“ಹೂಂ. ಕೇಳಿಸಿಕೊಳ್ಳದೆ. ಬೆಳಿಗ್ಗೆ, ಪತ್ರಿಕೆ ಓದುತ್ತ.”

“ಹೂಂ? ತುದಿ ಮೇಲಕ್ಕೆ. ನಂಬಿಲ್ಲ.”

“ಹ್ಞೂಂ. ಮೂಗಿನಲ್ಲಿ. ಒಪ್ಪಿಗೆ ಇದೆ, ಮನಸ್ಸಿಲ್ಲ. ಅಮ್ಮನ ಜೊತೆ ಪೇಟೆಗೆ ಹೋಗುವ ವಿಷಯ.”

“ಹೂಂ ಹೂಂ ಹೂಂ. ಮೆಲ್ಲಗೆ. ಎದುರಿನವನ ಮಾತು ಸಿಕ್ಕಿಕೊಂಡಾಗ ದಾಟಿಸುವುದಕ್ಕೆ. ಇಂಗ್ಲಿಷಿನಲ್ಲಿ ಜೋಡಿ ಸಿಕ್ಕಿಲ್ಲ.”

ಎರಡು ವರ್ಷದಲ್ಲಿ ನಾನು ಅವನಿಗೆ ಕೊಟ್ಟ ಹೂಂ ಎಲ್ಲ ಅಲ್ಲಿದ್ದವು. ಒಂದರಲ್ಲೂ ಎರಡನೆಯ ಸಹಿ ಇರಲಿಲ್ಲ. ಖಾನೆ ಹಿಂದಿರುಗಿಸಿದರೆ ಈ ಐವತ್ತೆಂಟರ ಗತಿ ಏನೆಂದು ನನಗೆ ಗೊತ್ತಿತ್ತು. ಮತ್ತೆ ಟವೆಲ್ ಹೊದಿಸಿದೆ.

ಎರಡನೆಯ ವಾರ ನಿಘಂಟು ಕೋಣೆಯಿಂದ ಫೋನು ಬಂತು. ಮೇಡಂ ಜಾಗಕ್ಕೆ ಬರುವ ಹೊಸ ಸಂಪಾದಕರು. ಅವರೂ ಮೇಡಂ ಕೈಯಲ್ಲಿ ಪಳಗಿದವರೇ.

“ಇಂಥ ಸಮಯದಲ್ಲಿ ಕೇಳಬಾರದು, ತಪ್ಪು ತಿಳೀಬೇಡಿ. ಆಫೀಸಿನ ಸಾಮಾನು ಏನಾದ್ರೂ ಮನೇಲಿ ಉಳಿದಿದೆಯಾ?”

“ಇಲ್ಲ” ಎಂದೆ.

“ಸರಿ ಬಿಡಿ. ಹದಿನೇಳನೇ ಖಾನೆ ಕಾಣ್ತಿಲ್ಲ. ಮೇಡಂ ತಾವೇ ಕಳೆದೆ ಅಂತ ಬರೆದುಕೊಡ್ತಾರಂತೆ. ಅವರು ಕಳೆಯೋದು ಉಂಟೇನ್ರೀ? ನಲವತ್ತೂ ಎಣಿಸದೆ ನಾನು ವಹಿಸಿಕೊಳ್ಳೋ ಹಾಗಿಲ್ಲ, ಹಾಗೆ ಕಲಿಸಿದೋರೇ ಅವರು. ಕೋಶ ಅಚ್ಚಿಗೂ ಹೋಗಲ್ಲ. ತಿಂಗಳ ಕೊನೇ ದಿನ ಅವರ ನಿವೃತ್ತಿ.”

ಹಾಗೆ ನನ್ನ ಒಂದು ‘ಇಲ್ಲ’ ಅವರ ಮೂವತ್ತೊಂದು ವರ್ಷದ ಮೇಲೆ ಕೂತಿತು. ಅದನ್ನು ಹಿಂತೆಗೆದುಕೊಳ್ಳುವ ಧೈರ್ಯ ನನಗೆ ಬರಲಿಲ್ಲ.

ಗುರುವಾರ ಮೇಡಂ ಮತ್ತೆ ಬಂದರು. ಈ ಸಲ ಅವರ ತಮ್ಮನ ಮಂಡಿಯ ಆಪರೇಷನ್ನು. ಮೂರನೆಯ ಗುರುವಾರ ಮಹಡಿಯ ಮೇಲಿನವರ ನಾಯಿ. ಖಾನೆಯ ಸೊಲ್ಲಿಲ್ಲ. ಅತ್ತೆಗೆ ತಡೆಯಲಾಗಲಿಲ್ಲ.

“ಅಲ್ಲ ಮೇಡಂ, ವಾರ ವಾರ ಬರ್ತೀರಲ್ಲ, ನಿಮ್ಮನೇಲಿ ಟೀ ಪುಡಿ ಮುಗೀತಾ?”

“ಟೀ ಪುಡಿ ಇದೆ ಅಮ್ಮ. ಕೇಳೋರಿಲ್ಲ” ಎಂದರು ಮೇಡಂ.

“ಇಲ್ಲೂ ಏನ್ ಕೇಳ್ತಾಳೆ? ಹೂಂ ಅಂತಾಳೆ ಅಷ್ಟೆ. ನೀವು ಹೇಳಿದ್ದು ನಾಯಿ ಬಗ್ಗೆ ಅಂತ ಅವಳಿಗೆ ಗೊತ್ತಿದ್ರೆ ಕೇಳಿ.”

ಮೇಡಂ ನಕ್ಕರು. ನಾನು ನಗಲಿಲ್ಲ.

ನಾಲ್ಕನೆಯ ಗುರುವಾರ ಅವರು ಕಥೆ ಹೇಳಲಿಲ್ಲ. ಕೈಚೀಲದಿಂದ ಒಂದು ಸಣ್ಣ ಕಟ್ಟು ತೆಗೆದು ನನ್ನ ಮುಂದಿಟ್ಟರು. ಅವರ ಅಕ್ಷರದ ಚೀಟಿಗಳು; ಒಂದೊಂದರಲ್ಲೂ ನನ್ನ ಒಂದೊಂದು ಹೂಂ, ಗುರುವಾರದ ತಾರೀಖು, ಅವರ ಸಹಿ.

“ಮೂವತ್ತೆಂಟು ಆಯ್ತು. ಇನ್ನಿಪ್ಪತ್ತು ನನ್ನ ಕಿವಿಗೆ ಬೀಳಲಿಲ್ಲ. ಸೋಮವಾರ ನನ್ನ ಕೊನೇ ದಿನ. ಕದ್ದು ಕೇಳಿ ಮುಗಿಸಬಹುದಿತ್ತು, ನಿನಗೆ ಹೇಳದೆ ಸಹಿ ಹಾಕೋಕೆ ಮನಸ್ಸಾಗಲಿಲ್ಲ.”

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವರು ಬಿಡಿಸಿ ಹೇಳಿದರು. ಮನೆಯ ಐವತ್ತೆಂಟು ಕಾರ್ಡೂ ಅವರಿಗೆ ಬಾಯಿಪಾಠ; ಅವಕ್ಕೆ ಎರಡನೆಯ ಕಿವಿ ಬೇಕಿತ್ತು. ಕಾರ್ಡುಗಳನ್ನು ಪಕ್ಕದಲ್ಲೇ ಇಟ್ಟುಕೊಂಡು ಕೇಳಬೇಕೆಂದು ಅವನ ಹಟ. ಖಾನೆಯನ್ನು ಹೊರಗೆ ಬಿಡಲಾರೆನೆಂದು ಅವರು ಎರಡು ತಿಂಗಳು ಸತಾಯಿಸಿ, ಕೊನೆಗೆ, ಎರವಲು ಪುಸ್ತಕದಲ್ಲಿ ಬರೆಯದೆ, ಬಿಟ್ಟರು. ‘ಗುರುವಾರ ಬೆಳಿಗ್ಗೆ ಎಂಟಕ್ಕೆ ಬನ್ನಿ, ಅವಳಿಗೆ ಗೊತ್ತಾಗೋದು ಬೇಡ’ ಎಂದು ದಿನ ಗೊತ್ತು ಮಾಡಿದವನು ಅವನೇ. ಆ ಗುರುವಾರ ಬರುವ ಮೊದಲೇ ಜ್ವರ ಬಂತು.

“ಮಾತು ಕೊಟ್ಟಿದ್ದೆ. ಬಂದೆ.”

“ನನ್ನನ್ನ ನೋಡೋಕೆ ಬಂದ್ರಿ ಅಂದ್ಕೊಂಡಿದ್ದೆ” ಎಂದೆ. ದನಿ ನನ್ನ ಹಿಡಿತದಲ್ಲಿರಲಿಲ್ಲ. “ನಾಲ್ಕು ವಾರ. ನಾನು ಬದುಕಿದ್ದೀನೋ ಇಲ್ಲವೋ ನನಗೇ ಗೊತ್ತಿರಲಿಲ್ಲ. ನೀವು ಕೂತು ಎಣಿಸ್ತಿದ್ರಿ.”

“ನೋಡೋಕೂ ಬಂದೆ, ಕೇಳೋಕೂ ಬಂದೆ. ಇದು ಬೇರೆ ಅದು ಬೇರೆ ಮಾಡೋಕೆ ನನಗೆ ಬರಲ್ಲ ಮಗು.”

“ಖಾನೆ ಎಲ್ಲಿದೆ ಅಂತ ನಿಮಗೆ ಮೊದಲ ದಿನವೇ ಗೊತ್ತು. ಕೇಳಬಹುದಿತ್ತಲ್ಲ?”

“ಕೇಳಿದ್ರೆ ನೀನು ಕೊಟ್ಟು ಬಾಗಿಲು ಹಾಕ್ಕೋತಿದ್ದೆ. ಆಮೇಲೆ ಅವನ ಬರಹಕ್ಕೆ ಕಿವಿ ಎಲ್ಲಿಂದ ತರಲಿ? ಬೇಡ ಅಂದ್ರೆ ಇವನ್ನ ಈಗಲೇ ಹರಿದುಬಿಡ್ತೀನಿ. ಖಾನೆ ಕಳೆದವಳು ನಾನು ಅಂತ ಬರೆದೂ ಆಗಿದೆ. ಅವನ ಹೆಸರು ಎಲ್ಲೂ ಬಂದಿಲ್ಲ, ಬರೋದೂ ಇಲ್ಲ.”

“ಹೋಗಿ ಮೇಡಂ” ಎಂದೆ.

ಅವರು ಚೀಟಿಗಳನ್ನು ಅಲ್ಲೇ ಬಿಟ್ಟು ಹೋದರು. ಗುರುಗಳಿಗೆ ಹಾಗೆ ಹೇಳಿದ್ದನ್ನು ಈ ಸಂಪುಟದಲ್ಲಿ ಒಪ್ಪಿಕೊಳ್ಳುವುದು ನನ್ನ ಕರ್ತವ್ಯ.

ಅತ್ತೆ ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದರು. “ಆ ಟವೆಲ್ ಕೊಡು, ಒಗೀಬೇಕು. ನಾಲ್ಕು ವಾರ ಆಯ್ತು” ಎಂದರು.

ನಾನು ಅಲುಗಲಿಲ್ಲ.

“ಅವನು ತಂದದ್ದು. ಅವನು ಕೊಡಬೇಕಿತ್ತು. ಅವನಿಲ್ಲ. ಇನ್ಯಾರು ಕೊಡ್ತಾರೆ, ಬೀದೀಲಿ ಹೋಗೋರಾ?”

“ಕೊಟ್ರೆ ಇಪ್ಪತ್ತು ಕಾರ್ಡು ಹರಿದು ಹಾಕ್ತಾರೆ ಅತ್ತೆ. ಅವನು ಬರೆದದ್ದು.”

“ಯಾಕೆ ಹರೀತಾರೆ?”

ನಿಯಮ ಹೇಳಿದೆ. ಅತ್ತೆ ಕೈ ಒರೆಸಿಕೊಂಡು ಬಂದು ಕೂತರು.

“ಇನ್ನೊಬ್ಬರು ಕೇಳಿರಬೇಕು, ಅಷ್ಟೇ ತಾನೆ? ಈ ಮನೇಲಿ ನಾನೇನು ಕಿವುಡಿಯಾಗಿ ಬಿದ್ದಿದ್ನಾ?”

ಆ ಮೂರು ದಿನ ನನ್ನ ಮನಸ್ಸು ಮಗ್ಗುಲು ಬದಲಿಸುತ್ತಲೇ ಇತ್ತು. ಸೋಮವಾರ ಹತ್ತಕ್ಕೆ ಖಾನೆಯನ್ನು ಎದೆಗವಚಿಕೊಂಡು ನಾನೂ, ನನ್ನ ಹಿಂದೆ ಅತ್ತೆಯೂ ನಿಘಂಟು ಕೋಣೆಯ ಮೆಟ್ಟಿಲು ಹತ್ತಿದೆವು. ಹೊಸ ಸಂಪಾದಕರು ಮೂವತ್ತೊಂಬತ್ತು ಎಣಿಸಿ ನಿಂತಿದ್ದರು. ಮೇಡಂ ಮುಂದೆ ಅವರದೇ ಕೈಬರಹದ ಕಾಗದ, ಪೆನ್ನಿನ ಮುಚ್ಚಳ ತೆಗೆದಿತ್ತು. ನಾನು ಖಾನೆಯನ್ನು ಆ ಕಾಗದದ ಮೇಲೇ ಇಟ್ಟೆ.

“ಇದನ್ನ ನನ್ನ ಯಜಮಾನರು ತಗೊಂಡು ಹೋಗಿದ್ರು. ಫೋನಿನಲ್ಲಿ ನಾನು ಸುಳ್ಳು ಹೇಳಿದೆ” ಎಂದೆ.

ಮೇಡಂ ಐವತ್ತೆಂಟು ಕಾರ್ಡು ಹೊರತೆಗೆದು, ನಾನು ಕೊಟ್ಟ ಚೀಟಿಗಳಿಗೆ ಹೋಲಿಸಿ ಮೂವತ್ತೆಂಟಕ್ಕೆ ಸಹಿ ಹಾಕಿದರು. ಉಳಿದ ಇಪ್ಪತ್ತನ್ನು ಬೇರೆ ಇಟ್ಟರು; ಬುಟ್ಟಿಯ ಕಡೆ ನೋಡಲಿಲ್ಲ. ಆದರೆ ನಿಯಮವನ್ನು ಮುರಿಯಲಾರರೆಂದು ನನಗೆ ಗೊತ್ತಿತ್ತು.

“ಎರಡನೇ ಕಿವಿ ಈ ಕೋಣೆಯದೇ ಆಗಬೇಕಾ ಮೇಡಂ?” ಎಂದು ಕೇಳಿದೆ.

ಹೊಸ ಸಂಪಾದಕರು ನಿಯಮದ ಪುಸ್ತಕ ತೆಗೆದರು. ಮೂವತ್ತು ವರ್ಷದ ಹಿಂದೆ ಮೇಡಂ ಬರೆದಿಟ್ಟದ್ದು. ಬೇರೆ ಕಿವಿ, ಬೇರೆ ದಿನ, ಬಾಯಿ ತಾನೇ ಸಾಕ್ಷಿಯಲ್ಲ. ಅಷ್ಟೇ ಇತ್ತು.

“ಕೂತ್ಕೊಳ್ಳಿ ಅಮ್ಮ” ಎಂದು ಮೇಡಂ ಕಿಟಕಿಯ ಬಳಿಯ ತಮ್ಮ ಕುರ್ಚಿಯನ್ನು ಅತ್ತೆಗೆ ಬಿಟ್ಟುಕೊಟ್ಟರು. ಹೊಸ ಸಂಪಾದಕರು ಒಂದೊಂದಾಗಿ ಓದಿದರು. ನನ್ನನ್ನು ಆಚೆ ನಿಲ್ಲಿಸಿದರು. ಬಾಗಿಲು ತೆರೆದೇ ಇತ್ತು.

“ಹೌದು, ಕೇಳಿದೀನಿ, ನಾನು ಉಪ್ಪು ಜಾಸ್ತಿ ಆಯ್ತಾ ಅಂದಾಗ.” “ಇದೂ ಕೇಳಿದೀನಿ.” “ಇದಿಲ್ಲ. ಇದು ನನ್ನ ಕಿವಿಗೆ ಬಿದ್ದಿಲ್ಲ.” “ಮಗ ಬರೆದಿದ್ದಾನಲ್ಲ ಅಮ್ಮ” ಎಂದರು ಹೊಸ ಸಂಪಾದಕರು, ಪಾಪ, ಕರಗಿ. “ಮಗನೇ ಬರೆದಿರಲಿ, ಕೇಳದ್ದನ್ನ ಕೇಳಿದೆ ಅನ್ನಲ್ಲ” ಎಂದರು ಅತ್ತೆ. ಮೇಡಂ ಆ ಕಾರ್ಡನ್ನು ತಾವೇ ತೆಗೆದು ರದ್ದಿಗೆ ಹಾಕಿದರು. ಅಂಥವು ನಾಲ್ಕಾದವು.

ಕೊನೆಯದು, ಮಾತು ಸಿಕ್ಕಿಕೊಂಡಾಗ ದಾಟಿಸುವ ಹೂಂ. ಓದಿ ಮುಗಿದ ಮೇಲೆ ಅತ್ತೆ ಆ ಕಾರ್ಡನ್ನು ತಮ್ಮ ಕೈಗೆ ತೆಗೆದುಕೊಂಡರು.

“ಇದು ಕೇಳದೆ ಇರ್ತೀನಾ? ಅವನು ಚಿಕ್ಕವನಿದ್ದಾಗ ನಾನೇ ಅನ್ನಬೇಕಿತ್ತು. ಇವಳು ಬಂದ ಮೇಲೆ ನಾನು ಬಿಟ್ಟೆ. ಒಳಗೆ ಕೂತು ಇವಳು ಅನ್ನೋದನ್ನ ಕೇಳಿಸ್ಕೊತಿದ್ದೆ. ಎಲ್ಲಿ, ಸಹಿ ಎಲ್ಲಿ ಹಾಕಲಿ?”

ಕೋಶ ಈಗ ಅಚ್ಚಿನಲ್ಲಿದೆ. ನಿವೃತ್ತಿಯ ಮರುದಿನವೂ ಮೇಡಂ ಬಸ್ಸು ನಿಲ್ದಾಣದ ಬೆಂಚಿನ ಮೇಲೆ ಖಾಲಿ ಕಾರ್ಡುಗಳೊಡನೆ ಕೂತಿದ್ದರೆಂದು ಕೇಳಿದ್ದೇನೆ. ಅವರು ನೂರು ಕಾಲ ಬಾಳಲಿ, ಅವರ ಕಿವಿ ಎಂದೂ ಮಂದವಾಗದಿರಲಿ, ಬಿಟ್ಟುಹೋದ ಸದ್ದುಗಳಿಗೆಲ್ಲ ಅವರ ಕೈಯಿಂದಲೇ ಎರಡನೆಯ ಸಂಪುಟವಾಗಲಿ, ಗುರುವಾರಗಳಂದು ನಮ್ಮ ಮನೆಗೆ ಕೆಲಸವಿದ್ದರೂ ಇಲ್ಲದಿದ್ದರೂ ಬರಲಿ.

ಆ ಸೋಮವಾರ ಕೊನೆಗೆ ಉಳಿದದ್ದು ಎರವಲು ಪುಸ್ತಕ. ಮೇಡಂ ತಮ್ಮ ತಪ್ಪೊಪ್ಪಿಗೆಯ ಕಾಗದವನ್ನು ಹರಿದು, ಹೊಸ ಪುಟದಲ್ಲಿ ಖಾನೆಯ ಸಂಖ್ಯೆ ಬರೆದರು, ಕಾರ್ಡು ಇನ್ನೂರ ಎಂಟು ಎಂದು ಬರೆದರು. ‘ಅನುಮತಿ ಕೊಟ್ಟವರು’ ಎಂಬಲ್ಲಿ ತಮ್ಮ ಹೆಸರನ್ನೂ, ‘ತೆಗೆದುಕೊಂಡವರು’ ಎಂಬಲ್ಲಿ ಅವನ ಪೂರ್ತಿ ಹೆಸರನ್ನೂ ಬರೆದು, ಪುಸ್ತಕವನ್ನು ನನ್ನ ಕಡೆ ತಿರುಗಿಸಿದರು. ನಾನು ‘ಹಿಂದಿರುಗಿಸಿದವರು’ ಎಂಬಲ್ಲಿ ಸಹಿ ಹಾಕಿ, ಖಾನೆಯನ್ನು ಅವರ ಕೈಗೆ ಕೊಟ್ಟೆ.